ತೊಟ್ಟಿಲ ಸಂಘದ ಎಂಟನೇ ಪುಸ್ತಕ

ತುಮಕೂರಿನಲ್ಲಿ ನಮ್ಮದೊಂದು ಹೆಂಗಸರ ಓದುವ ಬಳಗ ಇದೆ. ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯ ಮಹಡಿ ಮೇಲೆ ಸೇರುತ್ತೇವೆ. ಅರ್ಧ ಹೊತ್ತು ಪುಸ್ತಕದ ಮಾತು, ಉಳಿದರ್ಧ ಚಿತ್ರಾನ್ನದ ಮಾತು. ಹೋದ ತಿಂಗಳು ಎಲ್ಲರಿಗೂ ಒಂದು ಕೆಲಸ ಹಚ್ಚಿದರು. ಚಿಕ್ಕಂದಿನಲ್ಲಿ ಪ್ರಾಣವಾಗಿದ್ದ ಪುಸ್ತಕವೊಂದನ್ನು ಹುಡುಕಿ ತಂದು, ಈಗಿನ ಕಣ್ಣಿನಿಂದ ಓದಿ, ಅದರಲ್ಲಿ ಏನು ಸರಿ, ಏನು ಹುಳುಕು ಅಂತ ಹತ್ತು ನಿಮಿಷ ಹೇಳಬೇಕು. ನಾನು ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವಳು. ಬಂದ ಮಾಲಿನಲ್ಲಿ ಹುಳುಕು ಹುಡುಕುವುದೇ ನನ್ನ ಅನ್ನ. ಇದೇನು ಮಹಾ ಅಂದುಕೊಂಡು ಮಗಳು ಯಶಸ್ವಿನಿಯನ್ನು ಕರೆದುಕೊಂಡು ಗುಬ್ಬಿಗೆ ಹೋದೆ.

ಗುಬ್ಬಿಯಲ್ಲಿ ಅಮ್ಮ ನನ್ನ ತಮ್ಮ ರವಿಕಿರಣನ ಜೊತೆ ಇದ್ದಾಳೆ. ಅಮ್ಮ ವನಜಮ್ಮ, ಮೂವತ್ತಾರು ವರ್ಷ ಪ್ರೈಮರಿ ಸ್ಕೂಲ್ ಟೀಚರಾಗಿದ್ದು ರಿಟೈರಾದವಳು. ಈಗಲೂ ಯಾರಾದರೂ ಎದುರಿಗೆ ಕೂತರೆ ಮೊದಲು ಉಗುರು ನೋಡುತ್ತಾಳೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಎಂಟೂ ಪುಸ್ತಕ ಹಾಗೇ ಇದ್ದವು, ನನ್ನ ಸ್ಕೂಲಿನ ರಿಬ್ಬನ್ನಲ್ಲಿ ಕಟ್ಟಿಟ್ಟಿದ್ದು.

ಸರಣಿಯ ಹೆಸರು ‘ತೊಟ್ಟಿಲ ಸಂಘ’. ಒಂದೊಂದು ಪುಸ್ತಕ ಐವತ್ತು ಅರವತ್ತು ಪುಟ, ನಡುನಡುವೆ ಕಪ್ಪು ಬಿಳುಪು ಚಿತ್ರ. ಒಂದು ಊರು. ಆ ಊರಿನ ಶಾರದಾ ಮತ್ತು ಅವಳ ಮೂವರು ಗೆಳತಿಯರು ಸ್ಕೂಲು ಬಿಟ್ಟ ಮೇಲೆ ಅಕ್ಕಪಕ್ಕದ ಮನೆಗಳ ಕೂಸುಗಳನ್ನು ನೋಡಿಕೊಳ್ಳಲು ಒಂದು ಸಂಘ ಕಟ್ಟುತ್ತಾರೆ. ಅವರ ಜೊತೆ ಐದನೆಯವಳು ಗೌರಿ. ಅವಳು ವಕೀಲರ ಮನೆಯಲ್ಲೇ ಇದ್ದುಕೊಂಡು ಅವರ ಮಗುವನ್ನು ಆಡಿಸುವ ಹುಡುಗಿ. ಪ್ರತಿ ಪುಸ್ತಕದಲ್ಲೂ ಒಂದು ಮಗು ಕಾಣೆಯಾಗುತ್ತದೆ, ಇಲ್ಲ ಮರ ಹತ್ತುತ್ತದೆ, ಇಲ್ಲ ಗುಂಡಿ ನುಂಗುತ್ತದೆ. ಕೊನೆಗೆ ಎಲ್ಲರೂ ಕಡ್ಲೆಪುರಿ ತಿನ್ನುತ್ತಾರೆ.

ಮನೆಗೆ ಬಂದು ನಾನೂ ಯಶಸ್ವಿನಿಯೂ ಪೆನ್ಸಿಲ್ ಹಿಡಿದು ಕೂತೆವು. ಮೊದಲ ಏಳು ಪುಸ್ತಕ ಓದಿದ ಆ ಎರಡು ದಿನ ನಾವು ನಕ್ಕಿದ್ದಕ್ಕೆ ಲೆಕ್ಕವಿಲ್ಲ.

“ಅಮ್ಮ, ಈ ಮಕ್ಕಳು ಯಾರೂ ಕಕ್ಕ ಮಾಡೋದೇ ಇಲ್ವಾ?” ಅಂದಳು ಅವಳು, ಮೂರನೇ ಪುಸ್ತಕದಲ್ಲಿ.

“ನಾವು ಓದೋವಾಗ ಮಾಡ್ತಿರಲಿಲ್ಲ ಕಣೇ.”

“ಇವರ ಅಪ್ಪಂದಿರು ಎಲ್ಲಿ? ಏಳು ಪುಸ್ತಕ ಆಯ್ತು, ಒಬ್ಬ ಅಪ್ಪನೂ ಮಗೂನ ಎತ್ತಿಕೊಂಡಿಲ್ಲ” ಅಂದಳು, ಏಳನೆಯದು ಮುಗಿದಾಗ.

ಅದನ್ನು ಗುರುತು ಹಾಕಿಕೊಂಡೆ. ಆಮೇಲೆ ಅವಳೇ ಇನ್ನೊಂದು ಹಿಡಿದಳು. ಗೌರಿ ಬಂದಲ್ಲೆಲ್ಲ ಅವಳು ‘ನಗುತ್ತಾ’ ಬರುತ್ತಾಳೆ. ನಗುತ್ತಾ ತೊಟ್ಟಿಲು ತೂಗಿದಳು. ನಗುತ್ತಾ ಬಟ್ಟೆ ಒಗೆದಳು. ಐದು ಗಂಟೆಗೆ ಉಳಿದವರೆಲ್ಲ ಹೋಂವರ್ಕ್ ಇದೆ ಅಂತ ಮನೆಗೆ ಹೋದಾಗ ಗೌರಿ ನಗುತ್ತಾ ಕೈ ಬೀಸಿದಳು. ಏಳು ಪುಸ್ತಕದಲ್ಲಿ ಮೂವತ್ತೊಂದು ಸಲ.

“ಹಲ್ಲು ನೋವು ಬರಲ್ವಾ ಇವಳಿಗೆ?” ಅಂದಳು ಯಶಸ್ವಿನಿ. “ಇವಳು ಸ್ಕೂಲಿಗೆ ಯಾಕೆ ಹೋಗಲ್ಲ ಅಮ್ಮ? ಯಾರೂ ಕೇಳೋದೇ ಇಲ್ಲ.”

ನಾನು ನಗುವುದನ್ನು ಅಲ್ಲಿಗೆ ನಿಲ್ಲಿಸಿದೆ. ನಮ್ಮ ಮನೆಯಲ್ಲೂ ಒಬ್ಬಳು ಇದ್ದಳು.

ಅವಳ ಹೆಸರು ಚಿಕ್ಕಮಾರಮ್ಮ. ಕುಣಿಗಲ್ ಕಡೆಯ ಹುತ್ರಿದುರ್ಗದವಳು. ರವಿ ಹುಟ್ಟಿ ಮೂರು ತಿಂಗಳಿಗೆ ಅಮ್ಮನ ಬಾಣಂತಿ ರಜೆ ಮುಗಿಯಿತು. ಆಗ ಯಾರೋ ಪರಿಚಯದವರು ಹೇಳಿ, ಅವಳಪ್ಪ ಯಲ್ಲಯ್ಯ ಅವಳನ್ನು ತಂದು ಬಿಟ್ಟು ಹೋದ. ‘ಮಗು ಎತ್ಕೊಳ್ಳೋಕೆ ಒಂದು ಹುಡುಗಿ’ ಅಂತ ಆಗ ಕೆಲಸಕ್ಕೆ ಹೋಗುವ ಹೆಂಗಸರ ಮನೆಗಳಲ್ಲಿ ಹೀಗೆ ಇಟ್ಟುಕೊಳ್ಳುತ್ತಿದ್ದರು. ಊಟ, ಬಟ್ಟೆ, ಹಬ್ಬಕ್ಕೆ ಊರು. ಅವಳಿಗೆ ಆಗ ಹತ್ತು, ನನಗೆ ಎಂಟು. ಅವಳು ನನ್ನನ್ನು ‘ಅಮ್ಮಣ್ಣಿ’ ಅನ್ನುತ್ತಿದ್ದಳು, ನಾನು ‘ಮಾರಕ್ಕ’ ಅನ್ನುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಅಮ್ಮ ಸ್ಕೂಲಿನ ಬಸ್ಸು ಹತ್ತಿದರೆ ಸಂಜೆಯವರೆಗೆ ರವಿ ಅವಳ ಸೊಂಟದ ಮೇಲೆ. ಎಡ ಸೊಂಟ ಯಾವಾಗಲೂ ಒಂದು ಕಡೆಗೆ ವಾಲಿರುತ್ತಿತ್ತು, ಮಗು ಇಲ್ಲದಿದ್ದಾಗಲೂ.

ಅಮ್ಮ ತುಮಕೂರಿಗೆ ಟ್ರೈನಿಂಗಿಗೆ ಹೋದಾಗಲೆಲ್ಲ ತೊಟ್ಟಿಲ ಸಂಘದ ಒಂದು ಪುಸ್ತಕ ತರುತ್ತಿದ್ದಳು. ನಾನು ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಮಾರಕ್ಕ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೇಳುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಚಿತ್ರಗಳನ್ನು ಮಾತ್ರ ತಾನೇ ನೋಡಬೇಕು, ಆಮೇಲೆ ಪುಟ ತಿರುಗಿಸಬೇಕು. ಶಾರದಾ ಗೀರದಾ ಯಾರೂ ಅವಳಿಗೆ ಲೆಕ್ಕಕ್ಕಿಲ್ಲ.

“ಗೌರಿ ಬತ್ತಾಳಾ ಅಮ್ಮಣ್ಣಿ ಇದ್ರಾಗೆ?” ಅಂತ ಮೊದಲೇ ಕೇಳುವಳು. “ಬಂದ್ರೆ ಹೇಳು, ಅಲ್ಲೀಗಂಟ ಬೇಳೆ ಆರಿಸ್ಕಂತೀನಿ.”

ಯಶಸ್ವಿನಿ ಮಲಗಲು ಹೋದಳು. ನಾನು ಎಂಟನೇ ಪುಸ್ತಕ ತೆಗೆದೆ. ಇದನ್ನು ಓದುವ ಅಗತ್ಯವೇ ಇರಲಿಲ್ಲ, ನನಗೆ ಬಾಯಿಪಾಠ. ಗೌರಿಯನ್ನು ಅವಳಪ್ಪ ಕರೆದುಕೊಂಡು ಹೋಗುತ್ತಾನೆ. ಮಗು ಹಾಲು ಬಿಡುತ್ತದೆ, ಜ್ವರ ಬರುತ್ತದೆ, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ಗೌರಿ ಓಡಿ ಬಂದು ಎತ್ತಿಕೊಂಡ ಮೇಲೇ ಮಗು ಬದುಕುತ್ತದೆ. ‘ಇನ್ನು ನಾನು ಎಲ್ಲಿಗೂ ಹೋಗುವುದಿಲ್ಲ’ ಅನ್ನುತ್ತಾಳೆ ಗೌರಿ. ಅಲ್ಲಿಗೆ ಕತೆ ಮುಗಿಯುತ್ತದೆ.

ಪುಸ್ತಕದಲ್ಲಿ ಹಾಗಿರಲಿಲ್ಲ.

ಪುಸ್ತಕದಲ್ಲಿ ಶಾರದಾ ಮತ್ತು ಗೆಳತಿಯರು ಸೇರಿ ಗೌರಿಯನ್ನು ಸ್ಕೂಲಿಗೆ ಸೇರಿಸುತ್ತಾರೆ. ವಕೀಲರ ಹೆಂಡತಿ ಕೂಗಾಡುತ್ತಾಳೆ, ಆಮೇಲೆ ಒಪ್ಪುತ್ತಾಳೆ. ‘ಮಗು ಎರಡು ದಿನ ಅತ್ತಿತು. ಮೂರನೆಯ ದಿನ ಅಜ್ಜಿಯ ಕೈಯಿಂದ ಹಾಲು ಕುಡಿಯಿತು’ ಅಂತ ಒಂದು ಸಾಲು. ಕೊನೆಯ ಪುಟದಲ್ಲಿ ಚಿತ್ರ. ಚೌಕಳಿ ಲಂಗದ ಹುಡುಗಿ ಸ್ಲೇಟು ಎದೆಗವಚಿಕೊಂಡು ಹೊಸಿಲು ದಾಟುತ್ತಿದ್ದಾಳೆ. ಕೆಳಗೆ ದಪ್ಪ ಅಕ್ಷರದಲ್ಲಿ: ಗೌರಿ ಶಾಲೆಗೆ ಹೊರಟಳು.

ಎರಡು ಸಲ ಓದಿದೆ. ಪುಟ ಹರಿದಿದೆಯೋ, ಬೇರೆ ಪ್ರತಿಯೋ ಅಂತ ತಿರುವಿ ನೋಡಿದೆ. ಮೊದಲ ಪುಟದಲ್ಲಿ ನನ್ನದೇ ಕೈಬರಹ: ನೇತ್ರಾವತಿ, ನಾಲ್ಕನೇ ತರಗತಿ. ಆಮೇಲೆ ಒಂದೊಂದೇ ನೆನಪಾಯಿತು. ನೆನಪಾಯಿತು ಅನ್ನುವುದಕ್ಕಿಂತ, ಯಾರೋ ಕುತ್ತಿಗೆ ಹಿಡಿದು ಅಲ್ಲಿ ಕೂರಿಸಿದ ಹಾಗಾಯಿತು.

ಆ ವರ್ಷ ಜೂನ್ ತಿಂಗಳು. ಯಲ್ಲಯ್ಯ ಬಂದಿದ್ದ. ಕುಣಿಗಲ್ಲಿನಲ್ಲಿ ಹುಡುಗಿಯರ ಹಾಸ್ಟೆಲ್ ಆಗಿದೆ, ಸ್ಕೂಲು ಬಿಟ್ಟವರನ್ನೂ ಸೇರಿಸಿಕೊಳ್ಳುತ್ತಾರೆ, ಮೇಷ್ಟ್ರು ಹೇಳಿ ಕಳಿಸಿದ್ದಾರೆ, ಕರಕೊಂಡು ಹೋಗುತ್ತೇನೆ ಅಂದ. ಅಮ್ಮ ಅವನಿಗೆ ಕಾಫಿ ಕೊಟ್ಟು, “ನಾನು ಬೇಡ ಅನ್ನಲ್ಲಪ್ಪ, ಟೀಚರಾಗಿ ನಾನೇ ಹಂಗನ್ನೋಕಾಗುತ್ತಾ? ಅವಳನ್ನೇ ಕೇಳು” ಅಂದಳು. ಮಾರಕ್ಕನಿಗೆ ಖುಷಿಯೋ ಭಯವೋ. ಸಂಜೆ ಹೇಳ್ತೀನಿ ಅಂದಳು. ಯಲ್ಲಯ್ಯ ಪೇಟೆ ಕಡೆ ಹೋದ. ಅವಳು ರವಿಯನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಳು.

“ಅಮ್ಮಣ್ಣಿ, ಆ ಕೊನೇ ಪುಸ್ತಕ ಬಂತಲ್ಲ, ಅದನ್ನ ಓದು. ಗೌರಿ ಏನ್ ಮಾಡ್ತಾಳೆ ನೋಡಾನ.”

ನಾನು ಹಿಂದಿನ ದಿನವೇ ಮನಸ್ಸಿನಲ್ಲಿ ಓದಿ ಮುಗಿಸಿದ್ದೆ. ಗೌರಿ ಏನು ಮಾಡುತ್ತಾಳೆ ಅಂತ ನನಗೆ ಗೊತ್ತಿತ್ತು. ಮಾರಕ್ಕ ಹೋದರೆ ಸ್ಕೂಲಿಂದ ಬಂದ ಮೇಲೆ ಮನೆಯಲ್ಲಿ ನಾನು ಒಬ್ಬಳೇ, ಆ ಅಳುಬುರುಕ ಮಗು ನನ್ನ ಸೊಂಟಕ್ಕೆ. ರಾತ್ರಿ ಕತೆ ಹೇಳಲು ಯಾರೂ ಇಲ್ಲ, ಜಡೆ ಹಾಕಲು ಯಾರೂ ಇಲ್ಲ. ಒಂಬತ್ತು ವರ್ಷ ನನಗೆ. ಪುಸ್ತಕ ಬಿಡಿಸಿ ಹಿಡಿದುಕೊಂಡು, ಅಕ್ಷರದ ಮೇಲೆ ಬೆರಳು ಓಡಿಸುತ್ತಾ, ಪುಸ್ತಕದಲ್ಲಿ ಇಲ್ಲದ್ದನ್ನು ಓದಿದೆ. ತಡವರಿಸಲಿಲ್ಲ. ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುವ ಜಾಗದಲ್ಲಿ ದನಿಯನ್ನೂ ನಡುಗಿಸಿದೆ.

ಮಾರಕ್ಕ ರವಿಯನ್ನು ಅವಚಿಕೊಂಡು ಅತ್ತಳು. ಚಿತ್ರ ಬಂದಾಗ ಮಾತ್ರ ಒಂದು ಸಲ ತಡೆದಳು.

“ಸ್ಲೇಟ್ ಹಿಡ್ಕಂಡಿರೋ ಇವಳ್ಯಾರು?”

“ವಕೀಲರ ದೊಡ್ಡ ಮಗಳು.”

“ವಕೀಲ್ರ ಮಗಳು ಗೌರಿ ಲಂಗ ಯಾಕೆ ಹಾಕ್ಕಂಡವ್ಳೆ?”

“ಕಪ್ಪು ಬಿಳುಪು ಚಿತ್ರ ಮಾರಕ್ಕ, ಎಲ್ಲಾ ಲಂಗಾನೂ ಹಂಗೇ ಕಾಣುತ್ತೆ.”

ಸಂಜೆ ಯಲ್ಲಯ್ಯ ಬಂದಾಗ ಅವಳು ಬಾಗಿಲ ಹಿಂದೆ ನಿಂತು, “ನಾ ಬರಾಕಿಲ್ಲ ಕಣಪ್ಪ, ಮಗ ಸತ್ತೋಯ್ತದೆ” ಅಂದಳು. ಅವನು ಬೈದ, ಬೇಡಿಕೊಂಡ, ಒಬ್ಬನೇ ಹೋದ. ಆ ದಿನ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಒಂದು ಕೊಬ್ಬರಿ ಮಿಠಾಯಿ ಕೊಟ್ಟಿದ್ದಳು. ಯಾಕೆ ಅಂತ ನಾನು ಕೇಳಿರಲಿಲ್ಲ.

ಬೆಳಿಗ್ಗೆ ಎದ್ದವಳೇ ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮ, ಎಂಟನೇ ಪುಸ್ತಕ ನೀನು ಓದಿದ್ಯಾ?”

“ನಾನು ಓದದೆ ಯಾವ ಪುಸ್ತಕ ನಿನ್ನ ಕೈಗೆ ಕೊಟ್ಟಿದೀನಿ?”

“ಅವತ್ತು ನಾನು ಮಾರಕ್ಕನಿಗೆ ಓದ್ತಿದ್ದಾಗ ನೀನು ಒಳಗಿದ್ದೆ.”

ಆ ಕಡೆ ಕುಕ್ಕರ್ ಎರಡು ಸಲ ಕೂಗಿತು.

“ಮಗೂಗೆ ಆಗಷ್ಟೆ ವರ್ಷ ತುಂಬಿತ್ತು ಕಣೇ. ನಾನು ಎಲ್ಲಿಂದ ರಜಾ ತರ್ಲಿ? ನಿಮ್ಮಪ್ಪ ಒಂದು ದಿನ ಎತ್ಕೊಂಡಿದ್ರಾ? ಮನೇಲೇ ಪಾಠ ಹೇಳ್ಕೊಡೋಣ ಅಂದ್ಕೊಂಡೆ ಅವಳಿಗೆ.”

“ಹೇಳ್ಕೊಟ್ಯಾ?”

“ಈಗ ಯಾಕೆ ಅದೆಲ್ಲ? ಒಳ್ಳೆ ಕಡೆ ಮದುವೆ ಮಾಡಿ ಕಳ್ಸಿದ್ವಲ್ಲ.”

ಪ್ರತಿ ಬೇಸಿಗೆಯಲ್ಲಿ ಅಮ್ಮ ದೊಡ್ಡ ರಿಜಿಸ್ಟರ್ ಹಿಡಿದು ಮನೆ ಮನೆ ಸುತ್ತುತ್ತಿದ್ದಳು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಾರು ಸ್ಕೂಲು ಬಿಟ್ಟಿದ್ದಾರೆ ಅಂತ ಬರೆದುಕೊಳ್ಳಲು. ನಮ್ಮ ಮನೆಯ ಸಾಲಿನಲ್ಲಿ ಏನು ಬರೆದೆ ಅಂತ ಕೇಳಬೇಕೆನ್ನಿಸಿತು. ಕೇಳಲಿಲ್ಲ. ಮಿಠಾಯಿ ತಿಂದವಳು ನಾನು.

ಆಮೇಲೆ ರವಿಗೆ ಫೋನ್ ಮಾಡಿದೆ. ಅವನು ಅಂತರಸನಹಳ್ಳಿಯಲ್ಲಿ ಸೂಪರ್‌ವೈಸರ್. ಗಾಡಿ ನಿಲ್ಲಿಸಿ ಮಾತಾಡಿದ.

“ಮಾರಕ್ಕ ನೆನಪಿದಾಳೇನೋ?”

“ಯಾವ ಮಾರಕ್ಕ?”

“ಹುತ್ರಿದುರ್ಗದ ಮಾರಕ್ಕ. ನಿನ್ನ ಐದು ವರ್ಷ ಎತ್ತಿ ಆಡಿಸಿದೋಳು.”

“ಓ, ವರ್ಷಾ ವರ್ಷ ಅವರೆಕಾಯಿ ಕಳಿಸ್ತಾರಲ್ಲ, ಅವರಾ? ಸಕತ್ತಾಗಿರುತ್ತೆ ಕಣಕ್ಕ ಸೊಗಡು. ಯಾಕೆ, ಏನಾಯ್ತು ಅವ್ರಿಗೆ?”

ಏನೂ ಆಗಿಲ್ಲ ಅಂದೆ. ಶನಿವಾರ ರಜೆ ಹಾಕಿ, ಎಂಟನೇ ಪುಸ್ತಕ ಬ್ಯಾಗಿನಲ್ಲಿಟ್ಟುಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಹೇಗೆ ಶುರು ಮಾಡಲಿ ಅಂತ ವಾಕ್ಯ ಕಟ್ಟಿದೆ, ಕೆಡವಿದೆ. ಹೇಳಿ ಏನು ಪ್ರಯೋಜನ ಅಂತಲೂ ಅನ್ನಿಸಿತು. ಹೇಳದೆ ಹೇಗೆ ಇರಲಿ ಅಂತಲೂ.

ಮಾರಕ್ಕ ಈಗ ಹುತ್ರಿದುರ್ಗದ ಅಂಗನವಾಡಿಯಲ್ಲಿ ಸಹಾಯಕಿ. ಗಂಡ ತೀರಿಕೊಂಡ ಮೇಲೆ ಸೇರಿದ್ದು, ಹದಿನಾರು ವರ್ಷವಾಯಿತು. ಅಡುಗೆ ಮಾಡುವುದು, ಮಕ್ಕಳನ್ನು ಮನೆಯಿಂದ ಕರೆತರುವುದು, ತೊಳೆಯುವುದು, ಮಲಗಿಸುವುದು. ನಾನು ಹೋದಾಗ ಮಕ್ಕಳು ಉಂಡು ಚಾಪೆ ಮೇಲೆ ಸಾಲಾಗಿ ಮಲಗಿದ್ದವು. ಟೀಚರಮ್ಮ ಕುಣಿಗಲ್ಲಿಗೆ ಮೀಟಿಂಗಿಗೆ ಹೋಗಿದ್ದರು. ಬಾಗಿಲಲ್ಲಿ ನನ್ನನ್ನು ನೋಡಿದವಳೇ ಸೀರೆಗೆ ಕೈ ಒರೆಸಿಕೊಂಡು ಓಡಿ ಬಂದು ಎರಡೂ ಕೆನ್ನೆ ಹಿಡಿದಳು. ತಲೆ ಪೂರಾ ನರೆತಿತ್ತು. ಎಡ ಸೊಂಟ ಹಾಗೇ ವಾಲಿತ್ತು.

“ಅಮ್ಮಣ್ಣೀ! ಎಷ್ಟ್ ದಪ್ಪ ಆಗ್ಬುಟ್ಟಿದೀಯೇ! ಫ್ಯಾಕ್ಟ್ರೀಲಿ ಕೂರ್ಸಿ ಕೂರ್ಸಿ ಉಣ್ಣಾಕಿಕ್ತಾರಾ?” ಅಂದಳು. “ರವಿ ಹೆಂಗವ್ನೆ? ಅವ್ರೆಕಾಯಿ ತಿಂತಾನಾ?”

“ತಿಂತಾನೆ. ಸಕತ್ತಾಗಿರುತ್ತೆ ಅಂದ.”

“ನಾನ್ ಕಳ್ಸೋದು ಅಂತ ಗೊತ್ತಾ ಅವ್ನಿಗೆ?”

“ಗೊತ್ತು.”

ಅವಳ ಮುಖ ಅರಳಿತು. ಬಾಗಿಲ ಹಿಂದಿದ್ದ ಒಂದು ಚೀಲ ತೋರಿಸಿ, “ಈ ವರ್ಷದ್ದು ಬಸ್ಸಿಗಾಕಾಣ ಅಂತಿದ್ದೆ, ನೀನೇ ಬಂದೆ. ತಗಂಡೋಗು” ಅಂದಳು. ಒಳಗೆ ಕೂರಿಸಿ, ಮಕ್ಕಳಿಗೆ ಮಾಡಿದ ಪಾಯಸ ಲೋಟದಲ್ಲಿ ಕೊಟ್ಟಳು. ಮೂರು ಸಲ ಟೀಚರ್ ಪೋಸ್ಟ್ ಖಾಲಿಯಾಯಿತಂತೆ. ಮೂರು ಸಲವೂ ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಹೊಸ ಹುಡುಗಿಯರು ಬಂದರಂತೆ. “ನಾನೇ ಅವ್ರಿಗೆ ಕೆಲ್ಸ ಕಲ್ಸದು” ಅಂತ ನಕ್ಕಳು. “ಗ್ವಾಡೆ ಮೇಲ್ ಬರ್ದಿರೋ ಅಕ್ಷರ ಎಲ್ಲಾ ಬತ್ತವೆ ನಂಗೆ. ಕೂಡ್ಸಿ ಓದು ಅಂದ್ರೆ ಒಸಿ ನಿಧಾನ.”

ನಾನು ಪುಸ್ತಕ ತೆಗೆದೆ. ಅವಳು ರಟ್ಟು ನೋಡಿದ ಕೂಡಲೇ ಗುರುತು ಹಿಡಿದಳು.

“ಅಯ್ಯೋ, ನಮ್ ಗೌರಿ! ಇನ್ನೂ ಇಟ್ಟಿದೀಯಾ? ದಿನಾ ಈ ಕತೆ ಹೇಳ್ತೀನಿ ಕಣೇ ಈ ಮಕ್ಕಳಿಗೆ. ಗೌರಿ ಓಡ್ಬಂದು ಮಗೂನ ಉಳಿಸ್ಕಂಡ್ಳು ಅಂತ. ನನ್ ಗಂಡ ಕುಡ್ದು ಹೊಡ್ದಾಗೆಲ್ಲ, ಥೂ ಏನ್ ಬಾಳಿದು ಅನ್ನುಸ್ದಾಗೆಲ್ಲ, ಒಂದ್ ಜೀವ ಉಳ್ಸಿದೀನಿ ಬುಡು, ಅವ್ನು ಗುಬ್ಬೀಲಿ ಚಂದಾಗವ್ನೆ ಅನ್ಕಂತಿದ್ದೆ. ಓದು, ಆ ಕೊನೇದು ಓದು. ನಿನ್ ಬಾಯಾಗೆ ಕೇಳಿ ಮೂವತ್ತೈದ್ ವರ್ಸ ಆತು.”

ಹಳೆಯದನ್ನೇ ಮತ್ತೆ ಓದಿಬಿಡಬಹುದಿತ್ತು. ಅದು ಈಗಲೂ ಬಾಯಿಪಾಠ. ಅವಳು ಒಂದು ಮಗುವಿನ ತಲೆ ತೊಡೆ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಕೇಳಲು ಸಿದ್ಧಳಾಗಿ ಕೂತಿದ್ದಳು, ಆಗ ಕೂರುತ್ತಿದ್ದ ಹಾಗೇ.

ಇದ್ದದ್ದು ಇದ್ದ ಹಾಗೆ ಓದಿದೆ.

ಶಾರದಾ ಬಂದು ಹೆಡ್‌ಮಾಸ್ಟರ ಹತ್ತಿರ ಮಾತಾಡಿದ ಜಾಗಕ್ಕೆ ಮಾರಕ್ಕ ಕಣ್ಣು ತೆರೆದಳು. ವಕೀಲರ ಹೆಂಡತಿ ಒಪ್ಪಿದಾಗ ಮಗುವಿನ ತಲೆ ಸವರುತ್ತಿದ್ದ ಕೈ ನಿಂತಿತು. ‘ಮಗು ಎರಡು ದಿನ ಅತ್ತಿತು. ಮೂರನೆಯ ದಿನ ಅಜ್ಜಿಯ ಕೈಯಿಂದ ಹಾಲು ಕುಡಿಯಿತು.’ ಮುಗಿಸಿದೆ.

“ನಾನೇ ಕಟ್ಟಿ ಓದಿದ್ದು ಮಾರಕ್ಕ, ಅವತ್ತು” ಅಂದೆ. “ನೀನು ಹೋಗಿಬಿಡ್ತೀಯ ಅಂತ.”

ಅವಳು ನನ್ನನ್ನೇ ನೋಡುತ್ತಿದ್ದಳು. ಕೋಪ ಬಂದಿದೆಯಾ ಅಂತ ಹುಡುಕಿದೆ. ಕಾಣಲಿಲ್ಲ. ಲೆಕ್ಕ ತಪ್ಪಿದವರು ಮತ್ತೆ ಮೊದಲಿಂದ ಎಣಿಸುವಾಗ ಮುಖ ಹೇಗಿರುತ್ತದೋ ಹಾಗಿತ್ತು.

“ಎರಡೇ ದಿನವಾ?” ಅಂದಳು.

ಹೌದು ಅಂತ ತಲೆಯಾಡಿಸಿದೆ.

“ಎರಡ್ ದಿನ ಅತ್ತು ಸುಮ್ಕಾಗ್ಬುಡ್ತಾ ಮಗ?”

“ಪುಸ್ತಕದಲ್ಲಿ ಹಂಗಿದೆ.”

“ಕೊಡು ಇಲ್ಲಿ” ಅಂತ ಕೈ ಚಾಚಿದಳು. “ನೀನ್ ಓದಿದ್ದ ಹೆಂಗೆ ನಂಬ್ಲಿ ನಾನು?”

ಕೊಟ್ಟೆ. ತೊಡೆ ಮೇಲಿನ ಮಗುವನ್ನು ಮೆಲ್ಲಗೆ ಚಾಪೆಗೆ ಇಳಿಸಿ, ಕಿಟಕಿಯ ಬೆಳಕಿಗೆ ಹೋಗಿ, ಕೊನೆಯ ಪುಟ ತೆರೆದಳು. ಚಿತ್ರವನ್ನು ತುಂಬಾ ಹೊತ್ತು ನೋಡಿದಳು. ಲಂಗದ ಚೌಕಳಿಯ ಮೇಲೆ ಬೆರಳಿಟ್ಟಳು. ಆಮೇಲೆ ಗೋಡೆಯ ಅಕ್ಷರಮಾಲೆಯನ್ನು ನೋಡುವುದು, ಪುಟ ನೋಡುವುದು, ಮತ್ತೆ ಗೋಡೆ ನೋಡುವುದು. ತುಟಿ ಅಲುಗುತ್ತಿತ್ತು.

“ಗೌ... ರಿ...” ಅಂದಳು. ಇನ್ನೊಂದಿಷ್ಟು ಹೊತ್ತು. “ಶಾ... ಲೆ... ಗೆ...”

ಮುಂದಿನ ಪದವನ್ನು ಅವಳು ಓದಲಿಲ್ಲ. ಬೆರಳು ಮಾತ್ರ ಅದರ ಕೆಳಗೆ ಹೋಗಿ ನಿಂತಿತು.

“ಲಂಗ ಅವಳ್ದೇಯಾ” ಅಂದಳು. “ನಾನ್ ಅವತ್ತೇ ಅಂದಿದ್ನಲ್ಲ.”

“ಮಾರಕ್ಕ...”

“ನಮ್ಮಪ್ಪ ಹೊಸಾ ಸ್ಲೇಟ್ ತಂದಿದ್ದ ಅವತ್ತು. ಟವೆಲ್‌ನಾಗೆ ಸುತ್ಕಂಡ್ ಬಂದಿದ್ದ. ನಿಮ್ ಜಗಲಿ ಮ್ಯಾಲೇ ಇಟ್ಕಂಡ್ ಕೂತಿದ್ದ. ಹೋಗ್ತಾ ಹಂಗೇ ತಗಂಡೋದ.”

ಅದು ನನಗೆ ಗೊತ್ತಿರಲಿಲ್ಲ. ಟವೆಲ್ಲಿನ ಗಂಟು ನೆನಪಿತ್ತು. ಒಳಗೇನಿತ್ತು ಅಂತ ಗೊತ್ತಿರಲಿಲ್ಲ.

ಚಾಪೆಯ ತುದಿಯಲ್ಲಿ ಒಂದು ಹೆಣ್ಣು ಮಗು ಎದ್ದು ಅಳತೊಡಗಿತು. ಮಾರಕ್ಕ ಪುಸ್ತಕವನ್ನು ಮಡಚದೆ, ಕಿಟಕಿಯ ಕಟ್ಟೆ ಮೇಲೆ ಬಿಡಿಸಿಯೇ ಇಟ್ಟು, ಹೋಗಿ ಮಗುವನ್ನು ಎತ್ತಿ ಎಡ ಸೊಂಟದ ಮೇಲೆ ಕೂರಿಸಿಕೊಂಡಳು. ಬೆನ್ನು ತಟ್ಟಿದಳು. ಮಗು ಎರಡು ನಿಮಿಷಕ್ಕೆ ಸುಮ್ಮನಾಯಿತು. ಸುಮ್ಮನಾದ ಅದರ ಮುಖವನ್ನು ಅವಳು ಹಿಂದಕ್ಕೆ ಹಿಡಿದು ನೋಡಿದಳು, ಮೊದಲ ಸಲ ನೋಡುವ ಹಾಗೆ.

ನಾನು ಎದ್ದು ಹತ್ತಿರ ಹೋದೆ. ಕೈ ಹಿಡಿಯೋಣವೆಂದರೆ ಅವಳ ಎರಡೂ ಕೈಯಲ್ಲಿ ಮಗು ಇತ್ತು.

“ಮೂರೂಕಾಲಿಗೆ ಒಂದ್ ಬಸ್ ಐತೆ” ಅಂದಳು, ಬಾಗಿಲ ಕಡೆ ನೋಡುತ್ತಾ. “ಅದು ಬುಟ್ರೆ ಸಂಜೆಗೇಯಾ. ನೀವು ಹೊರಡಿ ಮೇಡಂ.”

ಅವಳ ಬಾಯಲ್ಲಿ ನನಗೆ ‘ನೀವು’ ಬಂದಿದ್ದು ಅದೇ ಮೊದಲು. ಚಪ್ಪಲಿ ಹಾಕಿಕೊಂಡೆ. ಬಾಗಿಲ ಹಿಂದೆ ಅವರೆಕಾಯಿ ಚೀಲ ಇತ್ತು. ಬಾಯಿ ಕಟ್ಟಿ, ಮೇಲೊಂದು ಕಾಗದದಲ್ಲಿ ಯಾರ ಕೈಲೋ ‘ರವಿ, ಗುಬ್ಬಿ’ ಅಂತ ಬರೆಸಿದ್ದಳು. ಅದನ್ನು ಅವಳೂ ಎತ್ತಿ ಕೊಡಲಿಲ್ಲ, ನಾನೂ ಕೇಳಲಿಲ್ಲ.